ಗೆರೆ ಎಳೆದಾದ್ಮೇಲೆ ಅಭಿಪ್ರಾಯ ಕೇಳೋದು

ಹೋದ ತಿಂಗಳು ದೊಡ್ಡಪ್ಪನ್ನ ಕರ್ಕೊಂಡು ಒಂದು ಅಹವಾಲು ಸಭೆಗೆ ಹೋಗಿದ್ದೆ. ನಮ್ಮೂರ ಮೇಲೆ ಹಾದುಹೋಗೋ ಹೊಸ ರಸ್ತೆಯ ಪ್ಲಾನು, ಮುಂದಿನ ಇಪ್ಪತ್ತು ವರ್ಷದ ಟ್ರಾಫಿಕ್ ಲೆಕ್ಕ ಹಾಕಿ ಮಾಡಿರೋದಂತೆ. ಸಭೆ ಇದ್ದಿದ್ದು ಕಲ್ಯಾಣ ಮಂಟಪದಲ್ಲಿ, ಹಿಂದಿನ ದಿನದ ಮದುವೆಯ ಸೇವಂತಿಗೆ ಹಾರ ಇನ್ನೂ ಕಂಬದಲ್ಲಿ ನೇತಾಡ್ತಿತ್ತು, ಅದರ ಪಕ್ಕದ ಗೋಡೆಗೆ ಮ್ಯಾಪ್ ಅಂಟಿಸಿದ್ರು. ಅಕ್ಷರ ಎಲ್ಲಾ ಇಂಗ್ಲಿಷು. ದೊಡ್ಡಪ್ಪ ಕನ್ನಡಕ ಏರಿಸ್ಕೊಂಡು ಹುಡುಕಿ ಹುಡುಕಿ ಕೊನೆಗೆ ಕೆರೆ ಕಂಡುಹಿಡಿದ್ರು, ಕೆರೆ ಏರಿ ಮೇಲಿಂದ ಬೆರಳು ಇಟ್ಕೊಂಡು ನಿಧಾನಕ್ಕೆ ಬಂದು ಒಂದು ಕಡೆ ನಿಲ್ಲಿಸಿ "ಇಗೋ ನೋಡು, ನಮ್ಮ ಹೊಲ" ಅಂದ್ರು. ಬೆರಳು ಎತ್ತಿದ್ರೆ ಅಡಿಯಲ್ಲಿ ಕೆಂಪು ಗೆರೆ.

ಮೈಕ್ ಸಿಕ್ಕಾಗ ಅವರು ಕೇಳಿದ್ದು ಒಂದೇ. "ಸ್ವಾಮಿ, ಇದನ್ನ ಒಸಿ ಆ ಕಡೆ ಗೋಮಾಳದ ಪಕ್ಕಕ್ಕೆ ತಗೊಂಡೋಗಕ್ಕೆ ಆಗಲ್ವಾ?" "ಅಲೈನ್‌ಮೆಂಟ್ ಫೈನಲ್ ಆಗಿದೆ ಯಜಮಾನ್ರೇ, ಆಕ್ಷೇಪಣೆ ಇದ್ರೆ ಬರೆದುಕೊಡಿ" ಅಂದ್ರು ವೇದಿಕೆ ಮೇಲಿದ್ದೋರು. ಫೈನಲ್ ಆಗಿರೋದಕ್ಕೆ ಆಕ್ಷೇಪಣೆ ಬರೆಯೋದು ಹೆಂಗೆ ಅಂತ ದೊಡ್ಡಪ್ಪ ನನ್ನ ಮುಖ ನೋಡಿದ್ರು. ನನಗೂ ಗೊತ್ತಾಗ್ಲಿಲ್ಲ. ಆದ್ರೂ ಬರೆದ್ವಿ, ಫಾರ್ಮಲ್ಲಿ ಕೊಟ್ಟಿದ್ದು ನಾಲ್ಕು ಗೆರೆ ಜಾಗ, ಹಿಂದೆ ತಿರುಗಿಸಿ ಬರೆದ್ವಿ.

ಅಧಿಕಾರಿಗಳನ್ನ ಮಾತ್ರ ಬೈದು ಸುಮ್ಮನಾಗೋಕೆ ನನಗೆ ಮುಖ ಇಲ್ಲ. ಬೆಂಗಳೂರಲ್ಲಿ 2016ರಲ್ಲಿ ಕಟ್ಟೋಕೆ ಹೊರಟಿದ್ದ ಸ್ಟೀಲ್ ಫ್ಲೈಓವರ್ ನೆನಪಿದೆಯಲ್ಲ, ಚಾಲುಕ್ಯ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, ಕಡಿಯೋಕೆ 812 ಮರ. ಅದಕ್ಕೂ ಜನಾಭಿಪ್ರಾಯ ಅಂತ ಕೇಳಿದ್ರು ಸ್ವಾಮಿ, ಕೆಲವೇ ದಿನ ಟೈಮ್ ಕೊಟ್ಟು. ಬರೆದೋರು 299 ಜನ, ಅದರಲ್ಲಿ ನೂರಕ್ಕೆ 73 ಜನ ಬೇಕು ಅಂದಿದಾರೆ ಅಂತ ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹೇಳ್ತು. ಕೋಟಿ ಜನ ಇರೋ ಊರಲ್ಲಿ 299! ನಗಬೇಡಿ, ಆ 299ರಲ್ಲಿ ನಾನೂ ಇರ್ಲಿಲ್ಲ, ಕೇಳಿದ್ರು ಅನ್ನೋದೇ ನನಗೆ ಗೊತ್ತಾಗಿದ್ದು ಅಕ್ಟೋಬರಲ್ಲಿ. ಅಕ್ಟೋಬರ್ 16ರ ಭಾನುವಾರ ಬಳ್ಳಾರಿ ರಸ್ತೆಲಿ ಸಾವಿರಾರು ಜನ ಕೈ ಕೈ ಹಿಡ್ಕೊಂಡು ನಿಂತ್ರಲ್ಲ, ಅಲ್ಲಿ ನಾನಿದ್ದೆ, ಕಾವೇರಿ ಥಿಯೇಟರ್ ಹತ್ರ, "ಬೇಡ" ಅಂತ ಬರೆದ ರಟ್ಟು ಹಿಡ್ಕೊಂಡು. 2017ರ ಮಾರ್ಚ್‌ಗೆ ಸರ್ಕಾರ ಯೋಜನೆ ಕೈಬಿಡ್ತು.

ಅಂದ್ರೆ ನಮ್ಮಲ್ಲಿ ಬೇಡ ಅನ್ನೋದು ಗಟ್ಟಿಯಾಗಿ ಕೂಗಿದ್ರೆ ಕೇಳಿಸುತ್ತೆ. ಬೇಕು ಅನ್ನೋದು? ಬೆಂಗಳೂರಿಗೂ ಸುತ್ತಲ ಊರಿಗೂ ಓಡಾಡೋ ಸಬರ್ಬನ್ ರೈಲು ಬೇಕು ಅನ್ನೋ ಮಾತು 1980ರ ದಶಕದ್ದು. "ಚುಕುಬುಕು ಬೇಕು" ಅಂತ ಜನ ಸ್ಟೇಷನ್‌ಗಳಲ್ಲಿ ಕೂಗಿ, ಕೇಂದ್ರ ಸಂಪುಟ 148 ಕಿಲೋಮೀಟರ್ ಯೋಜನೆಗೆ ಒಪ್ಪಿಗೆ ಕೊಡೋ ಹೊತ್ತಿಗೆ 2020. ನಾಲ್ಕು ಮಾರ್ಗಕ್ಕೂ ಚೆಂದದ ಹೆಸರಿಟ್ಟಿದಾರೆ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ರೈಲು ಇನ್ನೂ ಬರಬೇಕು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆದಿದ್ದು. ಈ ದೊಡ್ಡ ಪ್ಲಾನ್‌ಗಳು, ಇಡೀ ಊರಿನ ಓಡಾಟಕ್ಕೆ ಮಾಡೋ ಕಾಂಪ್ರಹೆನ್ಸಿವ್ ಮೊಬಿಲಿಟಿ ಪ್ಲಾನ್ ಅಂತಾರಲ್ಲ (ಮೆಟ್ರೋಗೆ ಕೇಂದ್ರದ ದುಡ್ಡು ಬೇಕು ಅಂದ್ರೆ 2017ರ ಮೆಟ್ರೋ ನೀತಿ ಪ್ರಕಾರ ಅದು ಇರಲೇಬೇಕು), ಅದರಲ್ಲಿ ನಮ್ಮನ್ನ ಸಭೆಗೆ ಕರೆಯೋಕೆ ಎಷ್ಟೋ ಮುಂಚೆನೇ ಎಣಿಸಿ ಮುಗಿಸಿರ್ತಾರೆ. ಮನೆಮನೆ ಸರ್ವೆ, ರಸ್ತೆ ಬದಿ ಕೂತು ಗಾಡಿ ಲೆಕ್ಕ, ಎಲ್ಲಿಂದ ಎಲ್ಲಿಗೆ ಯಾವುದರಲ್ಲಿ ಹೋಗ್ತೀರ ಅನ್ನೋ ಪ್ರಶ್ನೆ. ಅದನ್ನ ಕಂಪ್ಯೂಟರಿಗೆ ಹಾಕಿ ಮುಂದಿನ ಹದಿನೈದು ಇಪ್ಪತ್ತು ವರ್ಷಕ್ಕೆ ಎಳೀತಾರೆ. ನಾನು ಮೂರು ವರ್ಷ ಬಸ್ಸಿಗೆ ಕಾದು ಕಾದು, ಅದು ಬರದೇ, ಬೇಜಾರಾಗಿ ಸಾಲ ಮಾಡಿ ಸ್ಕೂಟರ್ ತಗೊಂಡೆ. ಸರ್ವೆಯಲ್ಲಿ ಅದು "ಸ್ಕೂಟರ್" ಅಂತ ಬೀಳುತ್ತೆ ಅಷ್ಟೇ. ಬಸ್ ಬರ್ಲಿಲ್ಲ ಅನ್ನೋ ನನ್ನ ದೂರು ಅಲ್ಲಿ ರಸ್ತೆ ಅಗಲ ಮಾಡಿ ಅನ್ನೋ ಓಟಾಗಿ ಬಿಡುತ್ತೆ. ನಾನು ಹಾಗಂದೇ ಇಲ್ಲ ಮಾರಾಯ್ರೆ! ಆ ಸರ್ವೆ ಮಾಡೋ ಹುಡುಗ ಮನೆಗೆ ಬಂದಾಗ "ಬಸ್ ಬಂದ್ರೆ ಯಾವುದರಲ್ಲಿ ಹೋಗ್ತೀರ" ಅಂತ ಒಂದು ಮಾತು ಜಾಸ್ತಿ ಕೇಳಿದ್ರೆ, ಆಮೇಲೆ ನಡೆಸೋ ಹತ್ತು ಸಭೆಗಿಂತ ಅದು ಉಪಯೋಗ ಅನ್ನೋದು ನನ್ನ ಲೆಕ್ಕ.

ಬೆಂಗಳೂರು ಹೆಂಗೆ ಬೆಳೀಬೇಕು ಅಂತ ಬರೆಯೋ ಮಾಸ್ಟರ್ ಪ್ಲಾನ್ ಕತೆ ಕೇಳೋದೇ ಬೇಡ. 2031ರವರೆಗಿನ ಪ್ಲಾನ್‌ನ ಕರಡು 2017ರ ನವೆಂಬರಲ್ಲಿ ಬಂತು, ಅರವತ್ತು ದಿನ ಆಕ್ಷೇಪಣೆ ಕರೆದ್ರು, ಜನ ಕೂತು ಸಾವಿರಗಟ್ಟಲೆ ಬರೆದ್ರು, ಕೊನೆಗೆ ಕರಡೇ ಮೂಲೆಗೆ ಹೋಯ್ತು. 2007ರಲ್ಲಿ ಒಪ್ಪಿಗೆಯಾದ, 2015ಕ್ಕೆ ಅಂತ ಮಾಡಿದ ಪ್ಲಾನ್ ಮೇಲೇನೇ ಊರು ಇನ್ನೂ ಬೆಳೀತಾ ಇದೆ. ಬರೆದೋರಿಗೆ ನಿಮ್ಮ ಮಾತು ಇಂಥ ಕಾರಣಕ್ಕೆ ತಗೊಂಡ್ವಿ, ಇಂಥ ಕಾರಣಕ್ಕೆ ಬಿಟ್ವಿ ಅಂತ ಒಂದು ಸಾಲು ವಾಪಸ್ ಬಂದಿದ್ರೂ ಮುಂದಿನ ಸಲ ಬರೆಯೋಕೆ ಕೈ ಬರುತ್ತೆ. ಈಗ ಎಲ್ಲಾ ಸಾರಿಗೆಗೂ ಒಂದೇ ಪ್ರಾಧಿಕಾರ ಅಂತ 2022ರ ಬಿಎಂಎಲ್‌ಟಿಎ ಕಾಯ್ದೆ ಇದೆ, ಅಲ್ಲಾದ್ರೂ ಈ ಅಭ್ಯಾಸ ಶುರು ಮಾಡಬಹುದು.

ದೊಡ್ಡಪ್ಪ ಇದ್ಯಾವುದನ್ನೂ ಕೇಳೋ ಮೂಡಲ್ಲಿ ಇರ್ಲಿಲ್ಲ. ಅವರಿಗೆ ಬೆಂಗಳೂರಿನ ಹೊರಗೆ ಸುತ್ತಿ ಬರೋ ಪೆರಿಫೆರಲ್ ರಿಂಗ್ ರಸ್ತೆ ಕತೆ ಚೆನ್ನಾಗಿ ಗೊತ್ತು, ಜಮೀನು ತಗೋತೀವಿ ಅಂತ 2005ರಲ್ಲಿ ಮೊದಲ ನೋಟಿಫಿಕೇಶನ್, 2007ರಲ್ಲಿ ಅಂತಿಮ ನೋಟಿಫಿಕೇಶನ್, ಆಮೇಲೆ ವರ್ಷಗಟ್ಟಲೆ ಮಾರಂಗಿಲ್ಲ, ಮನೆ ಕಟ್ಟಂಗಿಲ್ಲ, ಪರಿಹಾರಾನೂ ಇಲ್ಲ, ಹಂಗೆ ಕೂತಿರೋ ಸ್ನೇಹಿತರು ಅವರಿಗಿದಾರೆ. ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ತಾ ಸ್ವೀಕೃತಿ ಚೀಟಿ ನೋಡಿದ್ರು. ಸೀಲ್ ಇತ್ತು, ತಾರೀಖು ಇರ್ಲಿಲ್ಲ. ನನ್ನ ಅಲ್ಲೇ ನಿಲ್ಲಿಸಿ ವಾಪಸ್ ಒಳಗೆ ಹೋಗಿ, ಕುರ್ಚಿ ಮಡಚ್ತಾ ಇದ್ದ ಹುಡುಗನ ಹತ್ರ ಪೆನ್ ಇಸ್ಕೊಂಡು, ಗುಮಾಸ್ತರ ಕೈಲೇ ತಾರೀಖು ಬರೆಸಿ ಸಹಿ ಹಾಕಿಸ್ಕೊಂಡು ಬಂದ್ರು. ಆಮೇಲೆ ಎದುರುಗಡೆ ಅಂಗಡಿಯಲ್ಲಿ ಮೂರು ಜೆರಾಕ್ಸ್.