ಲಾಬೆರಿಂಟೊದಿಂದ ಲಾಸ್ ಅಮಿಗೋಸ್‌ವರೆಗೆ: ಪಾದರಸ ಬೀಳುವ ಕಾಡು

ಪೆರು ದೇಶದ ಪುಯೆರ್ಟೊ ಮಾಲ್ಡೊನಾಡೊದಿಂದ ಲಾಬೆರಿಂಟೊಗೆ ರಸ್ತೆಯಲ್ಲಿ ಸುಮಾರು ಒಂದು ತಾಸಿನ ಹಾದಿ. ಅಲ್ಲಿಂದ ಮುಂದೆ ಮಾದ್ರೆ ದೆ ದಿಯೋಸ್ ನದಿಯೇ ರಸ್ತೆ. ಮೋಟಾರು ಕಟ್ಟಿದ ಉದ್ದನೆಯ ದೋಣಿ ಪ್ರವಾಹಕ್ಕೆದುರಾಗಿ ಹಲವು ತಾಸು ಸಾಗಿದ ಮೇಲೆ ಲಾಸ್ ಅಮಿಗೋಸ್ ನದಿ ಬಂದು ಸೇರುವ ಜಾಗ, ಅದರಾಚೆ ಅದೇ ಹೆಸರಿನ ದಟ್ಟ ಸಂರಕ್ಷಿತ ಕಾಡು.

ಚಿನ್ನದ ಗಣಿಗಳನ್ನು ಇಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ. ದಡದಲ್ಲೇ ಜಲ್ಲಿಯ ಗುಡ್ಡೆಗಳು, ಪಂಪಿನ ಸದ್ದು. ಆಂಡಿಸ್ ಬೆಟ್ಟಗಳಿಂದ ನೀರು ಹೊತ್ತು ತಂದ ಚಿನ್ನ ಮರಳಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಬೆರೆತಿದೆ, ಕೈಯಲ್ಲಿ ಆರಿಸಲು ಬರುವುದಿಲ್ಲ. ಪಂಪು ಎತ್ತಿದ ಕೆಸರು ಇಳಿಜಾರಿನ ಹಲಗೆಯ ಮೇಲೆ ಹಾಸಿದ ಕಾರ್ಪೆಟ್ ಮೇಲೆ ಹರಿಯುತ್ತದೆ. ಭಾರದ ಕಪ್ಪು ಮರಳೂ ಚಿನ್ನವೂ ಅದರ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಾರ್ಪೆಟ್ ಒದರಿ ತೊಳೆದ ಆ ಮರಳನ್ನು ಡ್ರಮ್ಮಿಗೆ ಹಾಕಿ, ಪಾದರಸ ಸುರಿದು, ಕೈಕಾಲಿನಿಂದಲೇ ಕಲಸುತ್ತಾರೆ. ಚಿನ್ನ ಪಾದರಸಕ್ಕೆ ಅಂಟುತ್ತದೆ, ಮರಳು ಅಂಟುವುದಿಲ್ಲ. ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಉಳಿಯುವುದು ಬೆಳ್ಳಿ ಬಣ್ಣದ ಒಂದು ಉಂಡೆ, ಸರಿಸುಮಾರು ಅರ್ಧ ಚಿನ್ನ, ಅರ್ಧ ಪಾದರಸ. ಪಾದರಸ 357 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಚಿನ್ನ ಕರಗಲು 1064 ಬೇಕು. ಹಾಗಾಗಿ ಬೆಂಕಿ ಊದಿದರೆ ಪಾದರಸವೆಲ್ಲ ಆವಿಯಾಗಿ ಹಾರಿಹೋಗುತ್ತದೆ. ಊರಿನ ಚಿನ್ನ ಖರೀದಿ ಅಂಗಡಿಗಳಲ್ಲಿ ಮತ್ತೊಮ್ಮೆ ಕಾಯಿಸುವಾಗ ಒಳಗೆ ಉಳಿದದ್ದೂ ಹೊರಬೀಳುತ್ತದೆ.

ಇದನ್ನು ತಡೆಯಲು ರಿಟಾರ್ಟ್ ಎಂಬ ಸಾಧನವಿದೆ: ಮುಚ್ಚಳ ಬಿಗಿದ ಉಕ್ಕಿನ ಪಾತ್ರೆ, ಅದರಿಂದ ಹೊರಟು ತಣ್ಣೀರಿನ ಕಡೆಗೆ ಬಾಗಿದ ಕೊಳವೆ. ಚೆನ್ನಾಗಿ ಬಳಸಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾದರಸ ವಾಪಸು ಸಿಗುತ್ತದೆ. ಕೆಡುವುದು ಸಣ್ಣ ಕಾರಣಗಳಿಂದ. ಮುಚ್ಚಳದ ಸಂದಿ ಸೋರುತ್ತದೆ, ಇಲ್ಲವೇ ಆರುವ ಮೊದಲೇ ತೆರೆದುಬಿಡುತ್ತಾರೆ. ಕೊಳವೆಯ ತುದಿ ನೀರಿನೊಳಗೆ ಆಳಕ್ಕೆ ಮುಳುಗಿದ್ದರಂತೂ, ಬೆಂಕಿ ತಗ್ಗಿದೊಡನೆ ನೀರು ಹಿಂದಕ್ಕೆ ಸೆಳೆಯಲ್ಪಟ್ಟು ಕಾದ ಪಾತ್ರೆ ಸಿಡಿಯಬಹುದು.

ಗಣಿ ಹಿಂದೆ ಬಿತ್ತು, ಇನ್ನು ಸ್ವಚ್ಛ ಕಾಡು ಎಂದುಕೊಂಡರೆ ತಪ್ಪು. ಆವಿ ಗಾಳಿಯಲ್ಲಿ ಹರಡಿ ಎಲೆಗಳ ಮೇಲೆ ಕೂರುತ್ತದೆ, ಎಲೆಯ ರಂಧ್ರಗಳಿಂದ ಒಳಗೂ ಸೇರುತ್ತದೆ. ಮಳೆ ಅದನ್ನು ತೊಳೆದು ನೆಲಕ್ಕಿಳಿಸುತ್ತದೆ, ಉದುರಿದ ಎಲೆ ಉಳಿದದ್ದನ್ನು ತರುತ್ತದೆ. ಎಲೆ ಹೆಚ್ಚಿದ್ದಷ್ಟೂ ಹಿಡಿಯುವುದು ಹೆಚ್ಚು. ಗಣಿಗಾಗಿ ಬೋಳಾದ ಜಾಗಕ್ಕಿಂತ ಅದರ ಪಕ್ಕದ ಸೊಂಪಾದ ಕಾಡಿಗೇ ಹೆಚ್ಚು ಪಾದರಸ ಬೀಳುತ್ತದೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಲಾಸ್ ಅಮಿಗೋಸ್ ಅಂಥ ಕಾಡು. ಕಾಯ್ದುಕೊಂಡ ತಪ್ಪಿಗೆ ಶಿಕ್ಷೆ ಅನುಭವಿಸುತ್ತಿರುವ ಕಾಡು ಎಂದರೂ ಸರಿಯೇ.

ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಪಾದರಸವನ್ನು ಮಿಥೈಲ್ ಪಾದರಸವಾಗಿ, ಅಂದರೆ ಜೀವಿಗಳ ಮೈಯಲ್ಲಿ ಸುಲಭವಾಗಿ ಸೇರಿ ಉಳಿಯುವ ವಿಷರೂಪವಾಗಿ, ಮಾರ್ಪಡಿಸುತ್ತವೆ. ಗಣಿ ತೋಡಿಬಿಟ್ಟ ಹೊಂಡಗಳು ಮಳೆನೀರು ತುಂಬಿ ಕೆರೆಗಳಾದಾಗ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮುಂದಿನದು ಮೈಯಿಂದ ಮೈಗೆ ದಾಟುವ ಲೆಕ್ಕ: ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ದಿನಕ್ಕೆ ಮೂರು ನಾಲ್ಕು ಕಿಲೋ ಮೀನು ತಿನ್ನುವ ದೈತ್ಯ ನೀರುನಾಯಿಗೆ. ಈ ನದಿಯ ಮೀನು ಊಟಕ್ಕೆ ಬಂದರೆ, ಬೇಟೆಯಾಡುವ ದೊಡ್ಡ ಮೀಸೆಮೀನು ಬಿಟ್ಟು ಹಣ್ಣು, ಪಾಚಿ ತಿಂದು ಬದುಕುವ ಮೀನು ಆರಿಸಿಕೊಳ್ಳುವುದು ಒಳ್ಳೆಯದು. 2016ರ ಮೇ ತಿಂಗಳಲ್ಲಿ ಪೆರು ಸರ್ಕಾರ ಈ ಪ್ರಾಂತ್ಯದಲ್ಲಿ ಪಾದರಸದ ಕಾರಣಕ್ಕೇ 60 ದಿನಗಳ ತುರ್ತುಸ್ಥಿತಿ ಸಾರಿತ್ತು.

ನೀರಿಗಿಳಿಯದ ಹಕ್ಕಿಗಳೂ ತಪ್ಪಿಸಿಕೊಂಡಿಲ್ಲ. ಲಾಸ್ ಅಮಿಗೋಸ್‌ನ ಹಾಡುಹಕ್ಕಿಗಳಲ್ಲಿ, ಗಣಿಗಳಿಂದ ದೂರವಿರುವ ಕಾಡಿನ ಅದೇ ಜಾತಿಯ ಹಕ್ಕಿಗಳಿಗಿಂತ 2ರಿಂದ 12 ಪಟ್ಟು ಹೆಚ್ಚು ಪಾದರಸ ಕಂಡುಬಂತು. ಕಾಡಿನ ಹುಳ, ಜೇಡ ಅವುಗಳಲ್ಲಿ ಹಲವುಗಳ ಆಹಾರ. ಇಷ್ಟು ಸೇರಿದರೆ ಮೊದಲು ಕುಗ್ಗುವುದು ಸಂತಾನ: ಗೂಡಿನಿಂದ ಹಾರಿಹೋಗುವ ಮರಿಗಳ ಸಂಖ್ಯೆ ಇಳಿಯುತ್ತದೆ.

ಹಕ್ಕಿಗಳಲ್ಲಿನ ಪಾದರಸ ಅಳೆಯಲು ಸಂಶೋಧಕರು ಬೆಳಗಿನ ಜಾವ ಮರಗಳ ನಡುವೆ ಕಟ್ಟಿದ ಸಣ್ಣ ಎಳೆಯ ಬಲೆಯಿಂದ ಹಕ್ಕಿಯನ್ನು ಬಿಡಿಸಿ, ಗರಿ ತೆಗೆದು, ಹಾರಿಬಿಡುತ್ತಾರೆ. ಗರಿ ಬೆಳೆಯುವಷ್ಟು ದಿನ ರಕ್ತದಲ್ಲಿದ್ದ ಪಾದರಸ ಗರಿಯ ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಕಟ್ಟಿಕೊಳ್ಳುತ್ತದೆ. ಬೆಳೆದು ಮುಗಿದ ಮೇಲೆ ಎಷ್ಟು ಮಳೆಯಲ್ಲಿ ನೆನೆದರೂ ಬಿಡುವುದಿಲ್ಲ.