ತೊಲೆಯ ಹಲಗೆ, ಗಾಲಿಯ ಹಳಿ: ಒಂದು ಬೆಂಚಿನ ಲೆಕ್ಕ

ಬಾಗಲಕೋಟೆ
18 ಅಕ್ಟೋಬರ್ 2025, ಶನಿವಾರ

ಮಳೆ ನಿಂತಿದೆ, ಆದರೆ ಕಟ್ಟಿಗೆಯೊಳಗಿನ ತೇವ ಇನ್ನೂ ಇಳಿದಿಲ್ಲ. ಇವತ್ತು ಅಳತೆ ಹಾಕಿದ ಹಲಗೆ ಮಾರ್ಚ್ ಹೊತ್ತಿಗೆ ಅಷ್ಟೇ ಅಗಲ ಇರುವುದಿಲ್ಲ. ಕಬ್ಬಿಣ ಮಾತ್ರ ಇದ್ದಷ್ಟೇ ಇರುತ್ತದೆ. ಹಳೇ ಕಟ್ಟಿಗೆ, ಹಳೇ ಕಬ್ಬಿಣ ಕೂಡಿಸಿ ಮಾಡಿದ ಸಾಮಾನು ಕೆಡಲು ಶುರುವಾಗುವುದು ಅವೆರಡೂ ಮುಟ್ಟುವ ಜಾಗದಲ್ಲಿ. ಹಾಗಾಗಿ ಇವತ್ತು ಆ ಜಾಗದ ಮಾತೇ ಹೆಚ್ಚು.

ಕೈಯಲ್ಲಿರುವ ಕೆಲಸ ಒಂದು ಬೆಂಚು. ಉದ್ದ 4 ಅಡಿ, ಅಗಲ 14 ಇಂಚು, ಎತ್ತರ 17 ಇಂಚು. ಮೇಲೆ 7 ಇಂಚು ಅಗಲದ, ಒಂದೂಮುಕ್ಕಾಲು ಇಂಚು ದಪ್ಪದ ಎರಡು ಸಾಗವಾನಿ ಹಲಗೆ. ಕಾಲುಗಳು ಚಕ್ಕಡಿ ಗಾಲಿಯ ಹಳಿಯಿಂದ, ಅಂದರೆ ಗಾಲಿಯ ಸುತ್ತ ಬಿಗಿದ ಕಬ್ಬಿಣದ ಪಟ್ಟಿಯಿಂದ; ಓಲಾಡದಂತೆ ತಡೆಯುವ ಆನಿಕೆ ಸರಳುಗಳು ಹಳೇ ಕಿಟಕಿಯಿಂದ.

ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳು ಮುಳುಗಡೆಯಾದಾಗ ಬಿಚ್ಚಿದ ಮನೆಗಳ ತೊಲೆ, ಕಂಬ, ಚೌಕಟ್ಟು ಇವತ್ತಿಗೂ ಅಲ್ಲಲ್ಲಿ ಕೈಗೆ ಬರುತ್ತವೆ. ಕೊಳ್ಳುವ ಮೊದಲು ತೊಲೆಯ ತುದಿಯನ್ನೇ ನೋಡಬೇಕು, ಏಕೆಂದರೆ ಗೋಡೆಯೊಳಗೆ ಹೂತಿದ್ದ ಒಂದಡಿಯಷ್ಟು ಭಾಗ ತೇವ ಹೀರಿ ಮೆತ್ತಗಾಗಿರುತ್ತದೆ. ಅದನ್ನು ಉದ್ದದ ಲೆಕ್ಕದಿಂದ ಕಳೆದೇ ದರ ಮಾತಾಡುವುದು ಒಳ್ಳೆಯದು. ಅಂಚಿನ ಹಳದಿ ಬಿಳಿ ಭಾಗದಲ್ಲಿ ನುಸಿ ತೂತುಗಳಿದ್ದರೆ ಸುತ್ತಿಗೆಯಿಂದ ತಟ್ಟಿ ನೋಡಿ. ಹಿಟ್ಟಿನಂತಹ ಹೊಸ ಪುಡಿ ಉದುರಿದರೆ ಹುಳ ಇನ್ನೂ ಜೀವಂತ. ಆ ಬಿಳಿ ಭಾಗವನ್ನು ಕೊಯ್ದು ತೆಗೆದು, ಉಳಿದದ್ದಕ್ಕೆ ಲೀಟರ್ ಬಿಸಿನೀರಿಗೆ 60 ಗ್ರಾಂ ಬೊರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಸಲ ಬಳಿಯಬೇಕು. ಇದು ನೀರಿಗೆ ತೊಳೆದುಹೋಗುವ ಮದ್ದು. ಮನೆಯೊಳಗಿನ ಸಾಮಾನಿಗೆ ಸರಿ, ಅಂಗಳದ ಬೆಂಚಿಗೆ ನಂಬುವಂತಿಲ್ಲ.

ಮಾಳಿಗೆಯ ಕಟ್ಟಿಗೆಗೆ ಇನ್ನೊಂದು ತೊಡಕಿದೆ. ಮೇಲ್ಮುದ್ದೆಗೆ, ಅಂದರೆ ಮಣ್ಣಿನ ಚಾವಣಿಗೆ, ಹಾಕುತ್ತಿದ್ದ ಸವಳು ಮಣ್ಣು ಬಿರುಕುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದರ ಹರಳು ಕಟ್ಟಿಗೆ ಹೆರೆಯುವ ರಂದಾದ ಅಲಗನ್ನು ನಿಮಿಷದಲ್ಲಿ ಮೊಂಡು ಮಾಡುತ್ತದೆ, ಉಪ್ಪಿನಂಶ ಪಕ್ಕದ ಕಬ್ಬಿಣಕ್ಕೆ ಬೇಗ ತುಕ್ಕು ತರಿಸುತ್ತದೆ. ಒಣ ತಂತಿ ಬ್ರಷ್ಷಿನಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿದ ಮೇಲೆಯೇ ರಂದಾ ಹಚ್ಚಬೇಕು. ಬಾಗಿಲು, ಕಿಟಕಿಯ ಹಳೇ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಅದನ್ನು ಒಣದಾಗಿ ಉಜ್ಜಬೇಡಿ, ಸುಡಲೂಬೇಡಿ. ಒದ್ದೆ ಮಾಡಿ ಕೆರೆಯಿರಿ.

ಮೊಳೆ ಹುಡುಕಲು ಸ್ಪೀಕರಿನಿಂದ ತೆಗೆದ ಅಯಸ್ಕಾಂತ ದಾರಕ್ಕೆ ಕಟ್ಟಿದರೆ ಸಾಕು. ಕಪ್ಪು ಮಚ್ಚೆ ಕಂಡಲ್ಲಿ ಒಳಗೆ ಕಬ್ಬಿಣ ಇದ್ದೇ ಇದೆ ಎಂದುಕೊಳ್ಳಿ. ತುಕ್ಕು ಹಿಡಿದ ಮೊಳೆಯನ್ನು ನೇರವಾಗಿ ಕೀಳಲು ಹೋದರೆ ತಲೆ ಮುರಿಯುತ್ತದೆ. ಮೊದಲು ಅದನ್ನೇ ಒಂದೆರಡು ಪೆಟ್ಟು ಒಳಕ್ಕೆ ಹೊಡೆಯಬೇಕು. ತುಕ್ಕಿನ ಹಿಡಿತ ಬಿಟ್ಟಮೇಲೆ ಹೊರಕ್ಕೆ ಬರುತ್ತದೆ. ಬಾರದಿದ್ದರೆ ಕಾದ ಸರಳಿನ ತುದಿಯನ್ನು ಮೊಳೆಯ ತಲೆಗೆ ಅರ್ಧ ನಿಮಿಷ ಹಿಡಿಯುವುದು. ಸಾಮಿಲ್‌ನವರು ಹಳೇ ಕಟ್ಟಿಗೆ ಎಂದರೆ ಹಿಂದೇಟು ಹಾಕುವುದು ನ್ಯಾಯವೇ. ಬ್ಲೇಡ್ ಹಲ್ಲು ಹೋದರೆ ಖರ್ಚು ನಮ್ಮದು ಎಂದು ಮೊದಲೇ ಒಪ್ಪಿಕೊಳ್ಳಬೇಕು.

ತೊಲೆಯಲ್ಲಿದ್ದ ಹಳೇ ಕೂಸಿನ (ಜೋಡಣೆಗೆ ಕೆತ್ತಿದ ನಾಲಗೆಯ) ತೂತು ಕಾಲು ಕೂರುವ ಗೆರೆಯ ಮೇಲೆ ಬರಬಾರದು, ಬೆಂಚಿನ ನಟ್ಟನಡುವೆಯೂ ಬರಬಾರದು. ಹೊಟ್ಟು, ಅಂಟು ಕಲಸಿ ಅದನ್ನು ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ಒಂದು ಬೇಸಿಗೆಗೆ ಬಿರುಕು ಬಿಡುತ್ತದೆ. ಅದೇ ತೊಲೆಯ ತುಂಡನ್ನು ಎಳೆಯ ದಿಕ್ಕು ಹೊಂದಿಸಿ ಕೂರಿಸಿ, ಇಲ್ಲವೇ ತೂತನ್ನು ಇದ್ದಂತೆಯೇ ಬಿಡಿ.

ಇನ್ನು ಹಳಿ. 5 ಅಡಿ ಗಾಲಿಯ ಸುತ್ತಳತೆ ಹದಿನೈದೂಮುಕ್ಕಾಲು ಅಡಿ ಸಮೀಪ. ಅದನ್ನು ಕೂರಿಸುವಾಗ ಕೆಂಪಗೆ ಕಾಯಿಸುತ್ತಾರೆ. 500 ಡಿಗ್ರಿ ಏರಿದರೆ ಅಷ್ಟು ಉದ್ದದ ಕಬ್ಬಿಣ ಸುಮಾರು 28 ಮಿ.ಮೀ. ಹಿಗ್ಗುತ್ತದೆ, ನೀರು ಹೊಯ್ದಾಗ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ. ಆ ಬಿಗಿ ಹಳೇ ಗಾಲಿಯಲ್ಲೂ ಉಳಿದಿರಬಹುದು. ಗ್ರೈಂಡರಿನಿಂದ ಕತ್ತರಿಸುವಾಗ ಹಳಿ ಸಿಡಿದು ತೆರೆದುಕೊಳ್ಳುತ್ತದೆ, ಆದ್ದರಿಂದ ಪಕ್ಕಕ್ಕೆ ನಿಂತು ಕತ್ತರಿಸಿ. ಸವೆದು 8 ಮಿ.ಮೀ.ಗಿಂತ ತೆಳುವಾದ ಭಾಗ ಕಾಲಿಗೆ ಬೇಡ.

ಕಾಲು ಎಂದರೆ ಬೋರಲು ಹಾಕಿದ ಚೌಕ ಕಮಾನು: ಎರಡು ಬದಿಗೆ ಹದಿನೈದೂಕಾಲು ಇಂಚು, ಮೇಲೆ ಅಡ್ಡಕ್ಕೆ 12 ಇಂಚು. ಹೊರ ಅಳತೆ ಕೂಡಿದರೆ ನಲವತ್ತೆರಡೂವರೆ. ಒಂದೊಂದು ಮಡಿಕೆಗೆ ಹಳಿಯ ದಪ್ಪದಷ್ಟು, ಅಂದರೆ ಅರ್ಧ ಇಂಚು ಕಳೆಯಬೇಕು. ಕತ್ತರಿಸುವ ಉದ್ದ ನಲವತ್ತೊಂದೂವರೆ ಇಂಚು. ಒಂದೇ ಹಳಿಯಲ್ಲಿ ಎರಡು ಬೆಂಚಿನ ನಾಲ್ಕು ಕಾಲು ಬರುತ್ತವೆ. ಮಡಿಕೆಯ ಗುರುತನ್ನು ಪಂಚಿನಿಂದ ಹಾಕಿ, ಬಳಪದ ಗೆರೆ ಕುಲುಮೆಯಲ್ಲಿ ಉಳಿಯುವುದಿಲ್ಲ. ಪಂಚು ಬೀಳಬೇಕಾದ್ದು ಮಡಿಕೆಯ ಒಳಬದಿಗೆ. ಹೊರಬದಿ ಹಿಗ್ಗುವಾಗ ಆ ಚುಕ್ಕೆಯಿಂದಲೇ ಬಿರುಕು ಹೊರಡಬಹುದು.

ಕಂಬಾರರ ಬಳಿ ಹೋಗುವ ಮೊದಲು ಕಬ್ಬಿಣದ ಜಾತಿ ತಿಳಿದಿರಲಿ. ತುಂಡೊಂದನ್ನು ಅರ್ಧ ಕೊಯ್ದು ಬಗ್ಗಿಸಿ ಮುರಿದರೆ ಹಳೇ ಬಡಿದ ಕಬ್ಬಿಣ ಕಟ್ಟಿಗೆಯಂತೆ ಎಳೆಎಳೆಯಾಗಿ ಬಿಡುತ್ತದೆ, ಏಕೆಂದರೆ ಅದರೊಳಗೆ ಕಿಟ್ಟದ (ಅದಿರು ಕರಗಿಸುವಾಗ ಉಳಿದ ಕಸರಿನ) ಎಳೆಗಳಿವೆ. ಅಂಥದ್ದನ್ನು ಹಳದಿ ಬಣ್ಣಕ್ಕೆ ಕಾಯಿಸಿ ಬಗ್ಗಿಸಬೇಕು. ಕೆಂಪು ಮಾಸಿದ ಮೇಲೂ ಸುತ್ತಿಗೆ ಹೊಡೆದರೆ ಉದ್ದಕ್ಕೆ ಸೀಳುತ್ತದೆ. ಈಚಿನ ಉಕ್ಕಿನ ಹಳಿ ಕೆಂಪಿನಲ್ಲೇ ಮಾತು ಕೇಳುತ್ತದೆ. ಸತುವಿನ ಲೇಪ ಇರುವ ಯಾವುದನ್ನೂ ಕುಲುಮೆಗೆ ಹಾಕಬಾರದು, ಹೊಗೆ ವಿಷ.

ಕಾಲಿನ ಮೇಲಿನ ಅಡ್ಡಪಟ್ಟಿಗೆ ನಾಲ್ಕು ತೂತು, ಪ್ರತಿ ಹಲಗೆಗೆ ಎರಡು. ನಡುಗೆರೆಯಿಂದ ಒಂದೂವರೆ ಇಂಚಿಗೆ 9 ಮಿ.ಮೀ.ನ ದುಂಡು ತೂತು, ನಾಲ್ಕೂವರೆ ಇಂಚಿಗೆ 9 ಮಿ.ಮೀ. ಅಗಲ, 14 ಮಿ.ಮೀ. ಉದ್ದದ ಸೀಳು ತೂತು. ಸೀಳನ್ನು ಕಬ್ಬಿಣ ಬಿಸಿಯಿದ್ದಾಗಲೇ ಚಪ್ಪಟೆ ಚಾಣದಿಂದ ತೆಗೆಸಿ. ತಣ್ಣಗಾದ ಮೇಲೆ ಅರದಿಂದ ಉಜ್ಜುವುದು ವ್ಯರ್ಥ ದುಡಿಮೆ. ಸೀಳು ಯಾಕೆಂದರೆ ತೇವ ಶೇ. 6ರಷ್ಟು ಇಳಿದಾಗ 7 ಇಂಚಿನ ಸಾಗವಾನಿ ಹಲಗೆ ಅಗಲದಲ್ಲಿ 2 ಮಿ.ಮೀ.ವರೆಗೆ ಕುಗ್ಗುತ್ತದೆ. ಎರಡೂ ತೂತು ದುಂಡಗಿದ್ದರೆ ಸ್ಕ್ರೂ ಬಿಡುವುದಿಲ್ಲ, ಹಲಗೆ ತನ್ನ ಹಳೇ ಮೊಳೆತೂತಿನ ಗೆರೆಯಲ್ಲೇ ಸೀಳುತ್ತದೆ. ದುಂಡು ತೂತು ಒಳಬದಿಗೆ, ಸೀಳು ಹೊರಬದಿಗೆ ಇಟ್ಟರೆ ಹಲಗೆ ಹೊರ ಅಂಚಿನಿಂದ ಕುಗ್ಗುತ್ತದೆ. ನಡುವಿನ 4 ಮಿ.ಮೀ. ಸಂದು ಬಹುತೇಕ ಹಾಗೇ ಉಳಿಯುತ್ತದೆ.

ಸ್ಕ್ರೂ 8 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ಕೋಚ್ ಸ್ಕ್ರೂ (ಪಾನಾದಿಂದ ತಿರುಗಿಸುವ ದಪ್ಪ ಕಟ್ಟಿಗೆ ಸ್ಕ್ರೂ), ಅಗಲ ವಾಷರ್. ಕಟ್ಟಿಗೆಯಲ್ಲಿ 6 ಮಿ.ಮೀ. ತೂತು ಕೊರೆದು, ಸ್ಕ್ರೂ ಸುರುಳಿಗೆ ಮೇಣ ಸವರಿ ತಿರುಗಿಸಿ. ಇಷ್ಟು ವರ್ಷ ಒಣಗಿದ ಸಾಗವಾನಿ ತೂತಿಲ್ಲದೆ ಸ್ಕ್ರೂ ಸ್ವೀಕರಿಸುವುದಿಲ್ಲ.

ಸ್ಕ್ರೂಗಳೆಲ್ಲ ಒಂದೇ ಸಾಲಿನಲ್ಲಿರುವುದರಿಂದ ಬೆಂಚು ಉದ್ದದ ದಿಕ್ಕಿಗೆ ಓಲಾಡುತ್ತದೆ. ಅದಕ್ಕೇ ಕಿಟಕಿ ಸರಳು. 10 ಇಂಚು ಕೆಳಗೆ ಕಾಲಿಗೆ, 10 ಇಂಚು ಒಳಗೆ ಹಲಗೆಗೆ, ಓರೆಯಾಗಿ ನಾಲ್ಕು ಆನಿಕೆ; ತುದಿಗಳನ್ನು ಬಿಸಿಯಲ್ಲಿ ಚಪ್ಪಟೆ ಮಾಡಿ ಕಾಲಿನ ಕಡೆ ರಿವೆಟ್, ಹಲಗೆಯ ಕಡೆ ಸ್ಕ್ರೂ. ಇದನ್ನು ಬಿಟ್ಟು ಚೆಂದ ನೋಡುವವರ ಬೆಂಚು ವರ್ಷದೊಳಗೆ ಸಡಿಲವಾಗುತ್ತದೆ.

ತುಕ್ಕು ತೆಗೆಯಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಲೀಟರಿಗೆ 50 ಗ್ರಾಂ, ಒಂದು ರಾತ್ರಿ. ಬೆಳಗ್ಗೆ ಉಜ್ಜಿ, ಸೋಡಾ ಪುಡಿ ಕರಗಿಸಿದ ನೀರಲ್ಲಿ ತೊಳೆದು, ತಕ್ಷಣ ಬಿಸಿ ಮಾಡಿ ಒಣಗಿಸಿ, ಬಿಸಿ ಇರುವಾಗಲೇ ಅಗಸೆ ಎಣ್ಣೆ ತೆಳ್ಳಗೆ ಒರೆಸಬೇಕು. ತಡವಾದರೆ ಕಣ್ಣೆದುರೇ ಕಿತ್ತಳೆ ಬಣ್ಣ ಏರುತ್ತದೆ. ಹೊಳೆಯುವ ಬಿಳಿ ಕಬ್ಬಿಣ ಮಾಡುವ ಆಸೆ ಬೇಡ. ಸುತ್ತಿಗೆಯ ಗುರುತಿನ ಮೇಲಿನ ಕಪ್ಪೇ ಅದರ ಚೆಲುವು.

ಕಬ್ಬಿಣ ಕಟ್ಟಿಗೆಗೆ ನೇರ ತಾಗಿದರೆ, ತೇವ ಬಿದ್ದಾಗ ಕಟ್ಟಿಗೆಯ ಒಗರು (ಟ್ಯಾನಿನ್) ಕಬ್ಬಿಣದ ಜೊತೆ ಸೇರಿ ನೀಲಿಗಪ್ಪು ಕಲೆ ಕಟ್ಟುತ್ತದೆ. ಒಗರು ಹೆಚ್ಚಿರುವ ಜಾಲಿಯಲ್ಲಿ ಇದು ಬಲು ಜೋರು. ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ನಡುವೆ ಚರ್ಮದ ತುಂಡು ಇಡಲು ಹಲವರು ಹೇಳುತ್ತಾರೆ. ಅಥಣಿ ಕಡೆಯ ಚಪ್ಪಲಿಯ ಚರ್ಮ ತೊಗಟೆ, ಅಳಲೆಕಾಯಿಯಲ್ಲೇ ಹದವಾದದ್ದು, ಒಗರು ಅದರಲ್ಲೂ ತುಂಬಿದೆ. ಸೈಕಲ್ ಟ್ಯೂಬಿನ ಪಟ್ಟಿಯೇ ಮೇಲು. ಕಾಲಿನ ಬುಡಕ್ಕೂ ಅದನ್ನೇ ಅಂಟಿಸಿದರೆ ಶಹಾಬಾದ್ ಕಲ್ಲಿನ ನೆಲಕ್ಕೆ ತುಕ್ಕಿನ ಕಲೆ ತಾಗುವುದಿಲ್ಲ.

ಹಲಗೆಗೆ ಶೇಂಗಾ ಎಣ್ಣೆ ಎಂದಿಗೂ ಬೇಡ, ಅದು ಒಣಗುವುದೇ ಇಲ್ಲ, ಧೂಳು ಹಿಡಿಯುತ್ತದೆ. ಕುಸುಬೆ ಎಣ್ಣೆ ಒಣಗುತ್ತದೆ, ಆದರೆ ವಾರಗಟ್ಟಲೆ ಜಿಗುಟು. ಅಗಸೆ ಎಣ್ಣೆ ಮೂರು ಕೈ, ಪ್ರತಿ ಕೈ ಒಣಗಿದ ಮೇಲೆ ಮುಂದಿನದು. ಹಚ್ಚಿ ಕಾಲು ಗಂಟೆಗೆ ಮೇಲುಳಿದದ್ದನ್ನು ಒರೆಸಿ ತೆಗೆಯಬೇಕು. ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದರೆ ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಹಾಕಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಬೆಂಚಿನ ತೂಕ ಸುಮಾರು 24 ಕೆ.ಜಿ. ಬರುತ್ತದೆ, ಎತ್ತಲು ಇಬ್ಬರು ಬೇಕು. ಮಾರ್ಚ್‌ನಲ್ಲಿ ಒಮ್ಮೆ ಪಾನಾ ಹಾಕಿ ದುಂಡು ತೂತಿನ ಸ್ಕ್ರೂ ಮಾತ್ರ ಪೂರ್ತಿ ಬಿಗಿಯಿರಿ. ಸೀಳಿನವು ವಾಷರ್ ಕೈಯಲ್ಲಿ ತಿರುಗದಷ್ಟು ಬಿಗಿಯಿದ್ದರೆ ಸಾಕು.