ರಕಾರ ಒಂದೇ, ನಾಲಿಗೆಯ ವರಸೆ ಹಲವು

ಅಮೆರಿಕದವರಂತೆ ಇಂಗ್ಲಿಷಿನ ರಕಾರ ನುಡಿಯಬೇಕೆಂದರೆ ನಾಲಿಗೆಯ ತುದಿಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಬಾಗಿಸಬೇಕು ಎಂದು ಎಷ್ಟೋ ಪಾಠಗಳು ಹೇಳುತ್ತವೆ. ಉಚ್ಚಾರಣೆ ಕಲಿಸುವ ನನಗೆ ಈ ಏಕಸೂತ್ರದ ಮೇಲೆ ಸಿಟ್ಟಿದೆ. ಆ ಭಾಷೆಯನ್ನು ಹುಟ್ಟಿನಿಂದ ಆಡುವವರಲ್ಲೇ ಅನೇಕರ ನಾಲಿಗೆ ಹಾಗೆ ಬಾಗುವುದಿಲ್ಲ. ತುದಿ ಕೆಳಗೇ ಇರುತ್ತದೆ, ನಡುಭಾಗ ಗುಡ್ಡೆಯಾಗಿ ಅಂಗುಳದತ್ತ ಏಳುತ್ತದೆ.

1968ರಲ್ಲಿ ದೆಲಾತ್ರ್ ಮತ್ತು ಫ್ರೀಮನ್ ಎಂಬ ಸಂಶೋಧಕರು ಎಕ್ಸ್-ರೇ ಚಿತ್ರೀಕರಣದಿಂದ ಈ ರಕಾರಕ್ಕೆ ಎಂಟು ಬಗೆಯ ನಾಲಿಗೆಯ ಆಕಾರಗಳನ್ನು ಗುರುತಿಸಿದರು. ಕೇಳುವವರಿಗೆ ಮಾತ್ರ ಬಾಗಿದ ನಾಲಿಗೆ ಯಾವುದು, ಗುಡ್ಡೆಯಾದದ್ದು ಯಾವುದು ಎಂಬುದು ತಿಳಿಯುವುದೇ ಇಲ್ಲ. ನನ್ನನ್ನು ಇಂದಿಗೂ ಬೆರಗಾಗಿಸುವುದು ಇದೇ. ಎರಡೂ ಭಂಗಿಗಳಲ್ಲಿ ಬಾಯಿಯ ದಾರಿ ಸಾಮಾನ್ಯವಾಗಿ ತುಟಿ, ಅಂಗುಳ, ಗಂಟಲು ಈ ಮೂರು ಕಡೆ ಕಿರಿದಾಗುತ್ತದೆ. ಬಾಯಿ-ಗಂಟಲಿನ ಪೊಳ್ಳಿನಲ್ಲಿ ಕೆಲವು ಆವರ್ತನಗಳು ಹೆಚ್ಚು ಮೊಳಗುತ್ತವೆ, ಇವೇ ಅನುರಣನ ಆವರ್ತನಗಳು. ಕೆಳಗಿನಿಂದ ಎಣಿಸಿದರೆ ಅವುಗಳಲ್ಲಿ ಮೂರನೆಯದು ಆಗ ತೀರಾ ಕೆಳಗಿಳಿದು ಎರಡನೆಯದರ ಹತ್ತಿರ ಬರುತ್ತದೆ. ಕಿವಿ ಹಿಡಿಯುವುದು ಆ ಇಳಿತವನ್ನೇ. ನಾಲ್ಕನೆಯ, ಐದನೆಯ ಆವರ್ತನಗಳಲ್ಲಿ ವ್ಯತ್ಯಾಸ ಉಳಿದಿರುತ್ತದೆ, ಆದರೆ ಅದನ್ನು ಕಾಣಲು ಯಂತ್ರ ಬೇಕು.

ಒಬ್ಬರ ಬಾಯಲ್ಲೇ ಎರಡೂ ಇರಬಹುದು. 2016ರಲ್ಲಿ ಪ್ರಕಟವಾದ ಅಲ್ಟ್ರಾಸೌಂಡ್ ಅಧ್ಯಯನವೊಂದು 27 ಜನರ ನಾಲಿಗೆಯನ್ನು ನೋಡಿತು. ಹೆಚ್ಚಿನವರದು ಸದಾ ಗುಡ್ಡೆಯ ಭಂಗಿ, ಸದಾ ಬಾಗಿಸುವವರು ತೀರಾ ವಿರಳ. ಉಳಿದವರು ಅಕ್ಕಪಕ್ಕದ ಧ್ವನಿಗೆ ತಕ್ಕಂತೆ ಭಂಗಿ ಬದಲಿಸುತ್ತಿದ್ದರು.

ನನ್ನ ಬಳಿ ಕಲಿಯುವ ಹುಡುಗಿಯೊಬ್ಬಳು 'ಗ್ರೀನ್' ಎಂಬುದನ್ನು ಸೊಗಸಾಗಿ ನುಡಿಯುತ್ತಿದ್ದಳು, 'ರಾಕ್' ಎಂದರೆ ತಡವರಿಸುತ್ತಿದ್ದಳು. ಹಿಂದೆ ಯಾರೋ ತುದಿ ಮಡಿಸೆಂದು ಗದರಿದ್ದರಂತೆ. ಅದು ನನಗೆ ನಿಜಕ್ಕೂ ನೋವು ತಂದಿತು. ಗಕಾರಕ್ಕೆ ನಾಲಿಗೆಯ ಹಿಂಭಾಗ ತಾನಾಗಿ ಏಳುತ್ತದೆ, ಅದರ ಬೆನ್ನಿಗೇ ಅವಳಿಗೆ ಗುಡ್ಡೆಯ ರಕಾರ ಸಲೀಸಾಗಿ ಒದಗುತ್ತಿತ್ತು. ಹಾಗಾಗಿ ತುದಿಯ ಮಾತನ್ನೇ ಬಿಟ್ಟೆವು. ನಾಲಿಗೆಯ ಅಂಚುಗಳನ್ನು ಮೇಲಿನ ದವಡೆ ಹಲ್ಲುಗಳಿಗೆ ಒತ್ತಿ 'ಗ್ರೀ'ಯಲ್ಲಿ ರಕಾರವನ್ನು ಎಳೆದು ನಿಲ್ಲಿಸುವುದು, ನಿಧಾನವಾಗಿ ಗಕಾರವನ್ನು ಕಳಚುವುದು, ಆಮೇಲೆ ಸ್ವರವನ್ನು ಬದಲಿಸುವುದು. 'ರಾಕ್' ಈಗ ತೊಡರಿಲ್ಲದೆ ಬರುತ್ತದೆ. ಪದದ ಕೊನೆಯಲ್ಲಿ ಬರುವ ರಕಾರವನ್ನು ಇನ್ನೂ ಅಭ್ಯಾಸ ಮಾಡುತ್ತಿದ್ದೇವೆ.